ಎರಡೂ ಕಡೆಯ ಆವೇಶ

ಮನೆಯಿಂದ,
ಇಪ್ಪತ್ತೊಂದನೇ ತಾರೀಕು, ಶುಕ್ರವಾರ ಸಂಜೆ

ಪ್ರೀತಿಯ ಮರೀ,

ಈ ‘ಪ್ರೀತಿಯ’ ಎಂಬ ಪದ ಬರೆದು ಪೆನ್ನು ಕೆಳಗಿಟ್ಟೆ. ಹೊಡೆದು ಹಾಕಲೇ ಅನ್ನಿಸಿತು. ಬೇಡ, ಇರಲಿ. ಇನ್ನು ಮುಂದೆ ಈ ಕಾಗದದಲ್ಲಿ ಅಂಥ ಪದ ನಿನಗೆ ಹೆಚ್ಚು ಸಿಗುವುದಿಲ್ಲ, ಅದೊಂದಾದರೂ ಇರಲಿ.

ಹೇಗಿದ್ದೀಯ? ಜ್ವರ ಬಿಟ್ಟಿತೇ? ಊಟ ಸೇರುತ್ತಿದೆಯೇ? ನೀನು ಜ್ವರವೆಂದು ರಜೆ ಹಾಕಿ ಭಾವಮೈದುನನ ಮನೆ ಸೇರಿದ್ದೀಯ ಎಂದು ನಿನ್ನ ಹೆಂಡತಿ ಹೇಳಿದಳು. ಎಷ್ಟು ಜ್ವರವಿತ್ತು ಎಂದು ಕೇಳಿದರೆ ಬಾಗಿಲ ಚಿಲಕವನ್ನು ಆಡಿಸುತ್ತ ನಿಂತಳು. ಪಾಪ, ಸುಳ್ಳು ಹೇಳಲು ಅವಳಿಗೆ ಇನ್ನೂ ಅಭ್ಯಾಸವಾಗಿಲ್ಲ. ಕೆಮ್ಮು ಇದೆಯೇ? ಇದ್ದರೆ ಬಿಸಿನೀರು ಕುಡಿ. ಕೆಮ್ಮಿ ಮುಗಿದ ಮೇಲೆ ಎದೆ ತುಂಬ ಗಾಳಿ ಒಳಗೆ ಹೋಗುತ್ತದಲ್ಲ, ಅದನ್ನು ಒಂದು ಸಲ ಗಮನಿಸು. ಎಲ್ಲರಿಗೂ ಹಾಗೆ ಹೋಗುತ್ತಿಲ್ಲ. ನನ್ನ ವಿಷಯ ಹೇಳುವುದಾದರೆ ಮಂಡಿ ನೋವು ಇದ್ದ ಹಾಗೇ ಇದೆ, ಗಂಟಲು ಇನ್ನೂ ಕೆರೆಯುತ್ತಿದೆ, ಬಿ.ಪಿ. ಏರಿದೆ. ಅದು ಮಾತ್ರೆ ತಪ್ಪಿಸಿದ್ದಕ್ಕೆ ಏರಿದ್ದಲ್ಲ, ನಿನ್ನಿಂದ ಏರಿದ್ದು. ನಿನಗೆ ಫೋನು ಮಾಡಿದಾಗಲೆಲ್ಲ ‘ನೀವು ಕರೆ ಮಾಡಿದ ಚಂದಾದಾರರು ಸ್ವಿಚ್ ಆಫ್ ಮಾಡಿದ್ದಾರೆ’ ಎಂದು ಒಬ್ಬ ಹುಡುಗಿ ಹೇಳುತ್ತಾಳೆ. ಎಷ್ಟು ಸಲ ಕೇಳಿದರೂ ಬೇಸರಪಡದೆ ಉತ್ತರ ಕೊಡುತ್ತಾಳೆ. ನಿನಗಿಂತ ಅವಳೇ ವಾಸಿ. ಅದಕ್ಕೇ ಈ ಕಾಗದ. ನಾಳೆ ಬೆಳಿಗ್ಗೆ ನಿನ್ನ ಹೆಂಡತಿ ಅಲ್ಲಿಗೆ ಹೊರಟಿದ್ದಾಳೆ, ಅವಳ ಕೈಯಲ್ಲೇ ಕೊಟ್ಟು ಕಳಿಸುತ್ತೇನೆ. ಲಕೋಟೆ ಅಂಟಿಸುವುದಿಲ್ಲ. ಓದುವುದಾದರೆ ಅವಳೂ ಓದಲಿ.

ಅಪಘಾತವಾದ ದಿನ ನೀನು ಈಜುಕೊಳದ ಹತ್ತಿರ ಇರಲಿಲ್ಲ. ಅಲ್ಲಿನ ಮ್ಯಾನೇಜರ್ ಸಾಹೇಬನಾದ ನೀನು ತಡವಾಗಿ ಬರುವ ದಿನ ಅದು. ಆದ್ದರಿಂದ ಏನಾಯಿತೆಂದು ನಾನೇ ಹೇಳುತ್ತೇನೆ. ಅಪಘಾತದ ವರದಿ ಬರೆಯುವ ಮುಂಚೆ ನೀನೇ ನನ್ನನ್ನು ಕೇಳಬಹುದಿತ್ತು. ಪಕ್ಕದ ಕೋಣೆಯಲ್ಲೇ ಇದ್ದೆ, ಗಂಟಲು ಹರಿದುಹೋಗುವ ಹಾಗೆ ಕೆಮ್ಮುತ್ತಿದ್ದೆ, ನಿನಗೆ ಕೇಳಿಸಿರಲೇಬೇಕು.

ಕಳೆದ ವಾರದ ಮಂಗಳವಾರ. ಮಂಡಿಗೆ ಒಳ್ಳೆಯದೆಂದು ಡಾಕ್ಟರು ಹೇಳಿದ ಮೇಲೆ ನಾನು ದಿನಾ ಬೆಳಿಗ್ಗೆ ಈಜುಕೊಳದ ಆಳವಿಲ್ಲದ ಕಡೆ ಎದೆಮಟ್ಟದ ನೀರಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತೇನಲ್ಲ, ಎಮ್ಮೆ ನೀರಿಗಿಳಿದ ಹಾಗಿದೆ ಎಂದು ನೀನು ನಗುತ್ತಿದ್ದೆಯಲ್ಲ, ಅಂದೂ ಹಾಗೇ ನಡೆದು ಮುಗಿಸಿ, ಹೊರಗೆ ಬಂದು ತಲೆ ಒರೆಸಿಕೊಳ್ಳುತ್ತ ಕೂತಿದ್ದೆ. ನೀರಿನಲ್ಲಿ ಚಿಕ್ಕ ಮಕ್ಕಳ ತಂಡ. ಇನ್ನೂ ಅಂಚಿನ ಕಂಬಿ ಬಿಡಲು ಧೈರ್ಯ ಬಾರದ ಮಕ್ಕಳು, ಸಾಲಾಗಿ ಕಂಬಿ ಹಿಡಿದು ಕಾಲು ಬಡಿಯುತ್ತಿದ್ದವು. ಅವರನ್ನು ನೋಡಿಕೊಳ್ಳಲು ತರಬೇತಿಯ ಹುಡುಗಿ ಒಬ್ಬಳೇ ಇದ್ದಳು. ಪಂಪುಮನೆಯೊಳಗೆ ಸೀಟಿ ಮಾವ ಕೆಲಸ ಮಾಡುತ್ತಿದ್ದರು.

ಸೀಟಿ ಮಾವ ಯಾರೆಂದು ನಿನಗೆ ನೆನಪು ಮಾಡಿಕೊಡಬೇಕೇ? ಕೊಡಬೇಕೆಂದೇ ಕಾಣುತ್ತದೆ. ನಿನ್ನ ವರದಿಯಲ್ಲಿ ಅವರು ಬರೀ ‘ಪಂಪ್ ಆಪರೇಟರ್’. ನಿನ್ನ ಅಪ್ಪ ತೀರಿಕೊಂಡ ವರ್ಷ ನೀನು ನೀರು ಕಂಡರೆ ಹೆದರಿ ನನ್ನ ಕಾಲಿಗೆ ಸುತ್ತಿಕೊಳ್ಳುತ್ತಿದ್ದೆ. ನಿನ್ನ ಹೊಟ್ಟೆಯ ಕೆಳಗೆ ಅಂಗೈ ಇಟ್ಟು ‘ನಾನಿದೀನಿ, ನೀನು ಕಾಲು ಬಡಿ’ ಎಂದು ಬೇಸಿಗೆಯಿಡೀ ನೀರಿನಲ್ಲಿ ನಿಂತವರು ಅವರು. ಒಂದು ದಿನ ನಿನಗೆ ತಿಳಿಯದ ಹಾಗೆ ಕೈ ತೆಗೆದರು. ನೀನು ಮುಳುಗದೆ ಆ ದಡ ಮುಟ್ಟಿ ತಿರುಗಿ ನೋಡಿ ಕೂಗಿಕೊಂಡೆ. ಕುತ್ತಿಗೆಯಲ್ಲಿ ಸದಾ ಸೀಟಿ ತೂಗುಹಾಕಿಕೊಂಡು ಓಡಾಡುತ್ತಿದ್ದ ಅವರಿಗೆ ಆ ಹೆಸರಿಟ್ಟ ಮಕ್ಕಳ ಗುಂಪಿನಲ್ಲಿ ನೀನೂ ಒಬ್ಬ.

ಈಗ ಕೇಳು. ನೀರಿಗೆ ಹಾಕುವ ಬ್ಲೀಚ್ ದ್ರಾವಣವನ್ನು ಡ್ರಮ್ಮಿನಿಂದ ತೊಟ್ಟಿಗೆ ಎತ್ತುವ ಕೈಪಂಪು ಹಿಂದಿನ ದಿನವೇ ಕೆಟ್ಟಿತ್ತು. ನೀರಿನ ಹುಳಿ-ಕ್ಷಾರ ಹದಕ್ಕೆ ತರಲು ಬಳಸುವ ಆಮ್ಲಕ್ಕೆ ಬೇರೆ ಪಂಪು, ಬೇರೆ ಪೈಪು. ಎರಡನ್ನೂ ಎಂದೂ ಬೆರೆಸಬಾರದೆಂದು ಗೋಡೆಯ ಮೇಲೆ ಕೆಂಪಕ್ಷರದಲ್ಲಿ ಬರೆದಿತ್ತು. ಹೋದ ಸಲ ಸುಣ್ಣ ಬಳಿಸಿದಾಗ ನೀನು ಅದನ್ನು ಮತ್ತೆ ಬರೆಸಲಿಲ್ಲ. ಅಂದು ಸೀಟಿ ಮಾವ ಆಮ್ಲದ ಪಂಪನ್ನೇ ತಂದು ಬ್ಲೀಚಿಗೆ ಹಾಕಿದರು. ಅದರ ಹೊಟ್ಟೆಯಲ್ಲೂ ಉದ್ದನೆಯ ಪೈಪಿನಲ್ಲೂ ಉಳಿದಿದ್ದ ಆಮ್ಲವೆಲ್ಲ ಮೊದಲ ಸೆಳೆತಕ್ಕೇ ಅರ್ಧ ತುಂಬಿದ್ದ ಬ್ಲೀಚ್ ತೊಟ್ಟಿಗೆ ಬಿತ್ತು. ಒಳಗೆ ನೊರೆಯುಕ್ಕುವ ಸದ್ದಾಯಿತು. ಮರುಕ್ಷಣವೇ ಬಾಗಿಲ ಸಂದಿಯಿಂದ ಹಸಿರು ಬೆರೆತ ಹಳದಿ ಹೊಗೆ ಹೊರಗೆ ಬಂತು. ಮೂಗಿಗೆ ಒಂದೇ ಒಂದು ಸಲ ತಾಗಿತು, ಏನೆಂದು ಗೊತ್ತಾಗಿಹೋಯಿತು. ಬದುಕಿನುದ್ದಕ್ಕೂ ಪ್ರಯೋಗಶಾಲೆಯಲ್ಲಿ ಪ್ರನಾಳದ ಬಾಯಿಂದ ಕೈಬೀಸಿ ತಂದುಕೊಂಡು ಮಕ್ಕಳಿಗೆ ತೋರಿಸಿದ ವಾಸನೆ ಅದು. ಅಲ್ಲಿ ಚಿಟಿಕೆಯಷ್ಟು, ಇಲ್ಲಿ ಕೋಣೆ ತುಂಬ.

ಕ್ಲೋರಿನ್ ಗಾಳಿಗಿಂತ ಭಾರ. ಅದು ಮೇಲೇರುವುದಿಲ್ಲ, ನೆಲ ಹಿಡಿದು ಹರಿಯುತ್ತದೆ, ತಗ್ಗು ಹುಡುಕುತ್ತದೆ. ಆ ಕಟ್ಟಡದಲ್ಲಿ ತಗ್ಗು ಎಂದರೆ ಕೊಳ. ನೀರಿನ ಮಟ್ಟದಲ್ಲೇ ಆ ಮಕ್ಕಳ ಮೂಗುಗಳಿದ್ದವು.

ಸೀಟಿ ಮಾವ ಕಣ್ಣು ಮುಚ್ಚಿಕೊಂಡು, ಗೋಡೆ ತಡವುತ್ತ ಹೊರಗೆ ಬಂದರು. ಬಲಕ್ಕೆ ತೋಟದ ಬಾಗಿಲು, ತೆರೆದೇ ಇತ್ತು, ಅಲ್ಲಿಗೆ ನಾಲ್ಕು ಹೆಜ್ಜೆಯೂ ಇಲ್ಲ. ಅವರು ಎಡಕ್ಕೆ, ಕೊಳದ ಕಡೆಗೆ ತಿರುಗಿದರು. ಸೀಟಿ ಬಾಯಿಗಿಟ್ಟು ಉದ್ದಕ್ಕೆ ಊದಿದರು. ಉದ್ದಕ್ಕೆ ಊದಿದರೆ ಎಲ್ಲರೂ ನೀರಿನಿಂದ ಏಳಬೇಕು, ಯಾಕೆ ಏನು ಎಂದು ಕೇಳಬಾರದು, ಅದು ಅವರು ಪ್ರತಿ ಮಗುವಿಗೂ ಮೊದಲ ದಿನವೇ ಕಲಿಸುವ ಪಾಠ. ಊದಿದರು, ಕೆಮ್ಮಿದರು, ಮತ್ತೆ ಊದಿದರು. ಊದಬೇಕಾದರೆ ಮೊದಲು ಒಳಗೆ ಉಸಿರೆಳೆದುಕೊಳ್ಳಬೇಕು, ಮರೀ. ಪ್ರತಿ ಸಲ ಅವರು ಏನನ್ನು ಒಳಗೆಳೆದುಕೊಂಡರು ಎಂದು ಯೋಚಿಸು. ನಾನು ತರಗತಿಯ ದನಿ ತೆಗೆದು ‘ಮೇಲೆ, ಮೇಲೆ, ಮೆಟ್ಟಿಲು ಹತ್ರಿ!’ ಎಂದು ಕಿರುಚಿದೆ. ತರಬೇತಿಯ ಹುಡುಗಿ ಎರಡೂ ಕಂಕುಳಲ್ಲಿ ಒಂದೊಂದು ಮಗುವನ್ನು ಅವಚಿಕೊಂಡು ಓಡಿದಳು. ಎಲ್ಲ ಮಕ್ಕಳೂ ಗ್ಯಾಲರಿಯ ಮೇಲಿನ ಸಾಲು ಸೇರಿದವು. ಕೆಲವು ವಾಂತಿ ಮಾಡಿಕೊಂಡವು, ಎಲ್ಲವೂ ಅತ್ತವು, ಸಂಜೆಯ ಹೊತ್ತಿಗೆ ಎಲ್ಲವೂ ಅವರವರ ಮನೆ ಸೇರಿದವು. ಸೀಟಿ ಮಾವ ಮಾತ್ರ ಕೊಳದ ಅಂಚಿನಲ್ಲಿ ಮಂಡಿಯೂರಿ ಕೂತವರು ಹಾಗೇ ಪಕ್ಕಕ್ಕೆ ವಾಲಿದರು.

ಆಸ್ಪತ್ರೆಗೆ ನಾನು ದಿನಾ ಹೋಗುತ್ತಿದ್ದೇನೆ. ನೀನು ಒಂದು ದಿನವೂ ಹೋಗಿಲ್ಲ ಎಂದು ಅಲ್ಲಿ ಯಾರೂ ನನಗೆ ಹೇಳಲಿಲ್ಲ, ಅದೇ ನನ್ನನ್ನು ಹೆಚ್ಚು ಕುಗ್ಗಿಸಿತು. ಮೂಗಿಗೆ ಆಮ್ಲಜನಕದ ಕೊಳವೆ. ಒಂದು ಉಸಿರಿಗೆ ಎರಡು ಪದ, ಮೂರನೆಯದು ಬರುವುದಿಲ್ಲ. ಶ್ವಾಸಕೋಶ ಸುಧಾರಿಸುತ್ತದೆ, ಆದರೆ ಮೊದಲಿನಂತೆ ಆಗುವುದೋ ಇಲ್ಲವೋ ಈಗಲೇ ಹೇಳಲಾಗದು ಎನ್ನುತ್ತಾರೆ ಡಾಕ್ಟರು.

ಕಳೆದ ಶನಿವಾರ ಅವರ ಹೆಂಡತಿ ನಮ್ಮ ಮನೆಗೆ ಬಂದರು. ಚಪ್ಪಲಿ ಬಿಟ್ಟು ಹೊಸ್ತಿಲಲ್ಲೇ ನಿಂತರು, ಒಳಗೆ ಬನ್ನಿ ಎಂದರೂ ಬರಲಿಲ್ಲ. ಕೈಯಲ್ಲಿ ನಿನ್ನ ವರದಿಯ ಪ್ರತಿ. ‘ಟೀಚರ್, ಇದರಲ್ಲಿ ಕೆಮಿಸ್ಟ್ರಿ ಇದೆಯಂತೆ, ನಂಗೆ ಅರ್ಥ ಆಗಲ್ಲ. ನಮ್ಮೋರು ಏನು ತಪ್ಪು ಮಾಡಿದಾರೆ ಅಂತ ಇದರಲ್ಲಿ ಬರೆದಿದೆ, ಸ್ವಲ್ಪ ಹೇಳ್ತೀರಾ’ ಎಂದರು. ಕೆಳಗೆ ನಿನ್ನ ರುಜು ಇರುವುದು ಆ ಹೆಂಗಸಿಗೆ ಗೊತ್ತಿತ್ತು. ಆದರೂ ನಿನ್ನ ಹೆಸರೆತ್ತಲಿಲ್ಲ. ಅವರು ನನ್ನ ಮುಖಕ್ಕೆ ಉಗಿದಿದ್ದರೂ ನಾನು ಒರೆಸಿಕೊಂಡು ಸುಮ್ಮನಾಗುತ್ತಿದ್ದೆ. ಹಾಗೆ ಮೆತ್ತಗೆ ಕೇಳಿದ್ದನ್ನು ಮಾತ್ರ ತಾಳಿಕೊಳ್ಳಲಾಗಲಿಲ್ಲ.

ಓದಿದೆ. ಮೈಯೆಲ್ಲ ಉರಿದುಹೋಯಿತು.

ಎಷ್ಟು ಅಂದವಾಗಿ ಬರೆದಿದ್ದೀಯ! ಎರಡು ಸಾಲು ಬಿಟ್ಟು, ನಡುವೆ, ದಪ್ಪಕ್ಷರದಲ್ಲಿ:

NaOCl + 2HCl → NaCl + Cl₂ + H₂O

ಅದರ ಕೆಳಗೆ ನಿನ್ನ ವಾದ: ಬ್ಲೀಚಿನಿಂದ ಕ್ಲೋರಿನ್ ಬರಬೇಕಾದರೆ ಹೈಡ್ರೋಕ್ಲೋರಿಕ್ ಆಮ್ಲ ಬೇಕು. ಎರಡು ತಿಂಗಳಿಂದ ನಮ್ಮ ಕೊಳದಲ್ಲಿ ಆ ಆಮ್ಲವಿಲ್ಲ, ಯಂತ್ರಗಳಿಗೆ ತುಕ್ಕು ಹಿಡಿಯುತ್ತದೆಂದು ಮ್ಯಾನೇಜರ್ ಆದ ನಾನೇ ಅದನ್ನು ನಿಲ್ಲಿಸಿ ಸಲ್ಫ್ಯೂರಿಕ್ ಆಮ್ಲ ತರಿಸಿದ್ದೇನೆ. ಸಮೀಕರಣದಲ್ಲಿ ಸಲ್ಫ್ಯೂರಿಕ್ ಆಮ್ಲ ಎಲ್ಲಿಯೂ ಇಲ್ಲ. ಆದ್ದರಿಂದ ಆಪರೇಟರ್ ಹಳೆಯ ಆಮ್ಲದ ಕ್ಯಾನೊಂದನ್ನು ಯಾರಿಗೂ ತಿಳಿಯದಂತೆ ಇಟ್ಟುಕೊಂಡು ನಿಯಮ ಮೀರಿ ಬಳಸಿದ್ದಾನೆ. ಅಪಘಾತಕ್ಕೆ ಆತನ ನಿರ್ಲಕ್ಷ್ಯವೇ ಕಾರಣ. ಹೀಗಂತ ನಿನ್ನ ವರದಿ. ಇದನ್ನು ಕೊಳದ ಆಡಳಿತ ಸಮಿತಿ ಒಪ್ಪಿದರೆ ಅವರ ಕೆಲಸವೂ ಹೋಯಿತು, ಕೊಳದ ವತಿಯಿಂದ ನಡೆಯುತ್ತಿರುವ ಚಿಕಿತ್ಸೆಯೂ ನಿಂತಿತು. ಎಷ್ಟು ಸಲೀಸಾಗಿ ಗೂಬೆ ಕೂರಿಸಿದೆ! ಅದೂ ಕೊಳವೆ ಸಿಕ್ಕಿಸಿಕೊಂಡು ಮಲಗಿರುವ, ಎರಡು ಪದಕ್ಕಿಂತ ಹೆಚ್ಚು ಎದುರಾಡಲಾರದ ಮನುಷ್ಯನ ತಲೆಯ ಮೇಲೆ.

ಸಮೀಕರಣದಲ್ಲಿ ತಪ್ಪಿಲ್ಲ. ಪರಮಾಣುಗಳೆಲ್ಲ ಸರಿದೂಗಿವೆ. ತಪ್ಪಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಮಗ ದಡ್ಡ ಎಂದುಕೊಂಡು ಹೇಗೋ ನುಂಗಿಕೊಳ್ಳುತ್ತಿದ್ದೆ. ನೀನು ದಡ್ಡನಲ್ಲ. ನನ್ನ ತರಗತಿಯಲ್ಲಿ ಮೂರನೇ ಬೆಂಚಿನಲ್ಲಿ ಕೂತು ಅಯಾನಿಕ ಸಮೀಕರಣವನ್ನು ನೀನು ಕಲಿತ ಹಾಗೆ ಇನ್ನು ಯಾರೂ ಕಲಿಯಲಿಲ್ಲ. ಬೇರೆ ಮಕ್ಕಳು ಕಂಡದ್ದನ್ನೆಲ್ಲ ಅಯಾನುಗಳಾಗಿ ಒಡೆದು ಹಾಕುತ್ತಿದ್ದವು, ನೀರನ್ನೂ ಬಿಡುತ್ತಿರಲಿಲ್ಲ. ನೀನು ಎದ್ದು ನಿಂತು ‘ಅನಿಲ ಒಡೀಬಾರದು, ನೀರು ಒಡೀಬಾರದು, ಪ್ರಕ್ಷೇಪ ಒಡೀಬಾರದು’ ಎಂದು ಗಿಳಿಯ ಹಾಗೆ ಒಪ್ಪಿಸುತ್ತಿದ್ದೆ. ಒಮ್ಮೆ ಅವಸರದಲ್ಲಿ ನಾನೇ ಅಯಾನುಗಳ ಆವೇಶ, ಅಂದರೆ ಪ್ಲಸ್ಸು ಮೈನಸ್ಸು, ಸರಿದೂಗಿಸದೆ ಬಿಟ್ಟಾಗ ‘ಮೇಡಂ, ಎಡಗಡೆ ಒಂದು ಪ್ಲಸ್ ಕಮ್ಮಿ ಇದೆ’ ಎಂದು ತಿದ್ದಿದವನು ನೀನು. ಶಾಲೆಯಲ್ಲಿ ನನ್ನನ್ನು ಮೇಡಂ ಎಂದೇ ಕರೆಯಬೇಕೆಂದು ಹೇಳಿಕೊಟ್ಟಿದ್ದೆ, ಮನೆಗೆ ಬಂದ ಮೇಲೂ ಅರ್ಧ ದಿನ ಹಾಗೇ ಕರೆದು ನಗಿಸುತ್ತಿದ್ದೆ. ಅಂಥವನು ಪೂರ್ತಿ ಸಮೀಕರಣ ಬರೆದು, ಅಯಾನಿಕ ಸಮೀಕರಣದ ಹತ್ತಿರ ಸುಳಿಯದೆ ನಿಲ್ಲಿಸಿದ್ದೀಯ. ಇನ್ನೊಂದೇ ಸಾಲು ಬರೆದಿದ್ದರೆ ಏನಾಗುತ್ತಿತ್ತೆಂದು ನಿನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೇ ನಿಲ್ಲಿಸಿದ್ದೀಯ.

ಆ ಸಾಲನ್ನು ನಾನು ಬರೆದೆ. ಬುಧವಾರ ಕೊಳದ ಕಚೇರಿಯಲ್ಲಿ ಸಮಿತಿ ಸೇರಿತ್ತು. ನಿನ್ನ ಹೆಂಡತಿ ಬೆಳಿಗ್ಗೆಯಿಂದ ‘ಹೋಗಬೇಡಿ ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ’ ಎಂದು ಹಿಂದೆ ಮುಂದೆ ಸುತ್ತಿದಳು. ಕೊನೆಗೆ ಆಟೋ ಸಿಗದೆ ನಾನು ಕೋಲೂರಿಕೊಂಡು ನಡೆದೇ ಹೊರಟಾಗ ಸ್ಕೂಟರ್ ತಂದು ಪಕ್ಕದಲ್ಲಿ ನಿಲ್ಲಿಸಿದವಳೂ ಅವಳೇ. ದಾರಿಯುದ್ದಕ್ಕೂ ಅತ್ತಳು, ಆದರೆ ಬಾಗಿಲವರೆಗೂ ತಂದು ಬಿಟ್ಟಳು. ಆ ಹುಡುಗಿಯನ್ನು ಬೈಯಬೇಡ. ಬೈದದ್ದು ನನಗೆ ತಿಳಿದರೆ ನಿನ್ನ ಗ್ರಹಚಾರ ಬಿಡಿಸುತ್ತೇನೆ.

ಸಮಿತಿಯ ಅಧ್ಯಕ್ಷರು ವಕೀಲರಂತೆ, ಒಳ್ಳೆಯ ಮನುಷ್ಯ. ನಾನು ಏನು ಹೇಳಲು ಬಂದಿದ್ದೇನೆಂದು ತಿಳಿದಾಗ ‘ನೋಡಿ ಅಮ್ಮ, ಇದು ನಿಮ್ಮ ಮಗನ ವಿಷಯ, ಆವೇಶದಲ್ಲಿ ಏನೂ ಹೇಳಬೇಡಿ’ ಎಂದರು. ಆವೇಶವಿಲ್ಲದೆ ಈ ಲೆಕ್ಕ ಕೂಡುವುದೇ ಇಲ್ಲ ಸಾರ್, ಎಡಗಡೆ ಬಲಗಡೆ ಎರಡೂ ಕಡೆಯ ಆವೇಶ ಸಮ ಆಗಬೇಕು ಎಂದೆ. ಅವರಿಗೆ ಅರ್ಥವಾಗಲಿಲ್ಲ. ಗೋಡೆಯ ಮೇಲೆ ಈಜಿನ ತಂಡಗಳ ವೇಳೆ ಬರೆಯುವ ಕಪ್ಪು ಹಲಗೆ ಇದೆಯಲ್ಲ, ಅದನ್ನು ಒದ್ದೆ ಟವಲಿನಿಂದ ಒರೆಸಿ ಸೀಮೆಸುಣ್ಣ ಹಿಡಿದೆ. ನಿವೃತ್ತಳಾದ ಮೇಲೆ ಮೊದಲ ಸಲ.

ನೀರಿನಲ್ಲಿ ಕರಗಿದ ಮೇಲೆ ಸಲ್ಫ್ಯೂರಿಕ್ ಆಮ್ಲ ಸಲ್ಫ್ಯೂರಿಕ್ ಆಮ್ಲವಾಗಿ ಉಳಿಯುವುದಿಲ್ಲ, ಬ್ಲೀಚ್ ಬ್ಲೀಚಾಗಿ ಉಳಿಯುವುದಿಲ್ಲ, ಎಲ್ಲವೂ ಬಿಡಿ ಬಿಡಿ ಅಯಾನುಗಳಾಗಿ ಓಡಾಡುತ್ತಿರುತ್ತವೆ ಎಂದು ಒಂದೊಂದಾಗಿ ಬರೆದೆ. ಆಮ್ಲದಿಂದ ಹೈಡ್ರೋಜನ್ ಅಯಾನು, ಸಲ್ಫೇಟ್ ಅಯಾನು. ಬ್ಲೀಚಿನಿಂದ ಸೋಡಿಯಂ ಅಯಾನು, ಹೈಪೊಕ್ಲೋರೈಟ್ ಅಯಾನು. ಆಗ ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು ‘ಕ್ಲೋರಿನ್ ಅಣುವಿಗೆ ಎರಡು ಕ್ಲೋರಿನ್ ಬೇಕಲ್ವಾ ಟೀಚರ್, ಹೈಡ್ರೋಕ್ಲೋರಿಕ್ ಇಲ್ಲ ಅಂದಮೇಲೆ ಎರಡನೇದು ಎಲ್ಲಿಂದ ಬಂತು’ ಎಂದು ಕೇಳಿದರು. ಎಂಥ ಒಳ್ಳೆಯ ಪ್ರಶ್ನೆ! ಆ ಪ್ರಶ್ನೆಯನ್ನು ನೀನು ಕೇಳಿಕೊಳ್ಳಬೇಕಿತ್ತು. ಬ್ಲೀಚ್ ತಯಾರಿಸುವಾಗ ಕಾಸ್ಟಿಕ್ ಸೋಡಾ ದ್ರಾವಣಕ್ಕೆ ಕ್ಲೋರಿನ್ ಹಾಯಿಸುತ್ತಾರೆ, ಆಗ ಹೈಪೊಕ್ಲೋರೈಟಿನ ಜೊತೆಗೇ ಸಾದಾ ಉಪ್ಪೂ ಹುಟ್ಟುತ್ತದೆ, ಆ ಉಪ್ಪಿನ ಕ್ಲೋರೈಡ್ ಅಯಾನು ಡ್ರಮ್ಮಿನಲ್ಲೇ ಇರುತ್ತದೆ, ಹೊರಗಿನಿಂದ ಯಾರೂ ಕದ್ದು ತರಬೇಕಾಗಿಲ್ಲ ಎಂದೆ. ಆಮೇಲೆ ಬಾಣದ ಎರಡೂ ಕಡೆ ಬದಲಾಗದೆ ಉಳಿದಿದ್ದ ಸೋಡಿಯಮ್ಮನ್ನೂ ಸಲ್ಫೇಟನ್ನೂ ಹೊಡೆದು ಹಾಕಿದೆ. ಉಳಿದದ್ದು ಇಷ್ಟೇ:

ClO⁻ + Cl⁻ + 2H⁺ → Cl₂ + H₂O

ಎಡಗಡೆ ಎರಡು ಋಣ, ಎರಡು ಧನ, ಕೂಡಿದರೆ ಸೊನ್ನೆ. ಬಲಗಡೆ ಸೊನ್ನೆ. ಈ ಸಾಲಿನಲ್ಲಿ ಯಾವ ಆಮ್ಲದ ಹೆಸರೂ ಇಲ್ಲ, ನೋಡಿ ಸಾರ್ ಎಂದೆ. ಬೇಕಾಗಿರುವುದು ಹೈಡ್ರೋಜನ್ ಅಯಾನು ಮಾತ್ರ. ಅದು ಹೈಡ್ರೋಕ್ಲೋರಿಕ್ಕಿನಿಂದ ಬಂದರೂ ಒಂದೇ, ಸಲ್ಫ್ಯೂರಿಕ್ಕಿನಿಂದ ಬಂದರೂ ಒಂದೇ. ಪೈಪಿನಲ್ಲಿ ಇದ್ದ ಹೊಸ ಆಮ್ಲವೇ ಸಾಕು. ಬಚ್ಚಿಟ್ಟ ಹಳೆಯ ಕ್ಯಾನ್ ಎಂಬುದು ವರದಿ ಬರೆದವರ ತಲೆಯಲ್ಲಿ ಬಿಟ್ಟರೆ ಇನ್ನೆಲ್ಲೂ ಇರಲಿಲ್ಲ.

ಸಮಿತಿಯವರು ಕೆಮಿಸ್ಟ್ರಿ ಬಲ್ಲ ಯಾರಿಗೋ ಫೋನು ಮಾಡಿ ವಿಚಾರಿಸಿದರು. ಅವರೂ ಹೌದೆಂದರು. ಕ್ಯಾನಿನ ಆರೋಪವನ್ನು ಅಲ್ಲೇ ಕೈಬಿಟ್ಟು, ಚಿಕಿತ್ಸೆ ಮುಂದುವರಿಯಲಿ ಎಂದು ಆಸ್ಪತ್ರೆಗೆ ತಿಳಿಸಿದರು. ಹೊರಗೆ ಕೂತಿದ್ದ ಸೀಟಿ ಮಾವನ ಹೆಂಡತಿಗೆ ನಾನೇ ಹೋಗಿ ಹೇಳಿದೆ. ಅವರು ನನ್ನ ಸೀಮೆಸುಣ್ಣದ ಕೈ ಹಿಡಿದುಕೊಂಡರು. ಖುಷಿಯಾಗಬೇಕಿತ್ತು ನನಗೆ. ಆಗಲಿಲ್ಲ. ಮಗನ ಸುಳ್ಳನ್ನು ಹಲಗೆಯ ಮೇಲೆ ಬಿಡಿಸಿಟ್ಟು ಗೆದ್ದ ತಾಯಿ ಯಾವ ಬಾಯಿಂದ ಖುಷಿಪಡಬೇಕು? ಮನೆಗೆ ಬಂದು ನಿನ್ನ ಅಪ್ಪನ ಫೋಟೋದ ಕಡೆ ನೋಡದೆ ಅಡುಗೆಮನೆಗೆ ಹೋದೆ, ಒಂದು ಲೋಟ ನೀರು ಕುಡಿದೆ, ಆಮೇಲೆ ಪಾತ್ರೆಗಳನ್ನೆಲ್ಲ ಕುಕ್ಕಿ ಕುಕ್ಕಿ ತೊಳೆದೆ. ಒಂದು ಮುಚ್ಚಳ ಸೊಟ್ಟಗಾಗಿದೆ.

ಇನ್ನೊಂದು ಪ್ರಶ್ನೆ ಉಳಿದಿದೆ. ಆಮ್ಲದ ಪಂಪನ್ನು ಬ್ಲೀಚಿಗೆ ಹಾಕಲು ಹೇಳಿದ್ದು ಯಾರು? ಸೀಟಿ ಮಾವ ಹಾಸಿಗೆಯಿಂದಲೇ ‘ಸಾಹೇಬರು ಹೇಳಿದ್ರು’ ಎಂದಿದ್ದಾರೆ. ಎರಡೇ ಪದ, ಅಷ್ಟಕ್ಕೇ ಏದುಸಿರು ಬಂತು. ನೀನು ವರದಿಯಲ್ಲಿ ‘ಮೆಕ್ಯಾನಿಕ್ ಬರುವವರೆಗೆ ಏನನ್ನೂ ಮುಟ್ಟಬಾರದೆಂದು ದೂರವಾಣಿಯಲ್ಲಿ ಸ್ಪಷ್ಟವಾಗಿ ತಿಳಿಸಿದ್ದೆ’ ಎಂದು ಬರೆದಿದ್ದೀಯ. ಒಬ್ಬರ ಮಾತಿಗೆ ಇನ್ನೊಬ್ಬರ ಮಾತು, ಕೇಳಿಸಿಕೊಂಡವರು ಯಾರೂ ಇಲ್ಲ, ಏನು ಮಾಡುವುದು ಎಂದರು ಅಧ್ಯಕ್ಷರು. ಸೋಮವಾರ ಮತ್ತೆ ಸೇರುತ್ತಾರೆ. ನಿನಗೂ ಬರಹೇಳಿದ್ದಾರೆ.

ಬೆಳಿಗ್ಗೆಯ ಹೊತ್ತು ಅಲ್ಲಿ ಚಳಿ ಇರುತ್ತದಂತೆ, ಕಿವಿ ಮುಚ್ಚಿಕೊಂಡು ಓಡಾಡು. ನಿನ್ನ ಭಾವಮೈದುನನಿಗೂ ಮನೆಯವರಿಗೂ ನನ್ನ ನಮಸ್ಕಾರ ತಿಳಿಸು. ಕರೆಯದೆ ಬಂದ ನೆಂಟನನ್ನು ಇಷ್ಟು ದಿನ ಸಾಕಿದ್ದಾರೆ. ನೀನು ಚೆನ್ನಾಗಿರು ಎಂದು ಬರೆಯಲು ಹೋದರೆ ಕೈ ಮುಂದಕ್ಕೆ ಹೋಗುತ್ತಿಲ್ಲ. ನೀನು ಒಳ್ಳೆಯವನಾಗಿರು. ಅದಾದರೆ ಚೆನ್ನಾಗಿರುವುದು ತಾನಾಗಿ ಆಗುತ್ತದೆ, ಅಷ್ಟೇ ನನ್ನ ಹಾರೈಕೆ.

ಇಂತು,
ನಿನ್ನ ಅಮ್ಮ

ವಿ.ಸೂ.: ನಿನ್ನ ಹೆಂಡತಿ ಚೀಲ ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ, ಆದ್ದರಿಂದ ಚುಟುಕಾಗಿ. ಆ ಮಂಗಳವಾರ ನಾನು ತಲೆ ಒರೆಸಿಕೊಳ್ಳುತ್ತ ಕೂತಿದ್ದು ಪಂಪುಮನೆಯ ಕಿಟಕಿಯ ಕೆಳಗಿನ ಬೆಂಚಿನ ಮೇಲೆ. ಸೀಟಿ ಮಾವನ ಎರಡೂ ಕೈಗೆ ರಬ್ಬರ್ ಗ್ಲೌಸ್ ಇತ್ತು, ಫೋನನ್ನು ಕಿಟಕಿಯ ಮೇಲಿಟ್ಟು ಸ್ಪೀಕರ್ ಹಾಕಿದ್ದರು. ‘ಬೇಡ ಅನ್ಸುತ್ತೆ ಸಾರ್, ಹೋಗಿ ಹೋಗಿ ಆಸಿಡ್ ಪಂಪು’ ಎಂದರು ಅವರು. ‘ಏನೂ ಆಗಲ್ಲ ಮಾವ, ಇದು ಆ ಆಸಿಡ್ ಅಲ್ಲ, ಹಾಕಿ. ನಮ್ಮಮ್ಮ ಕೆಮಿಸ್ಟ್ರಿ ಟೀಚರು, ನಂಗೆ ಗೊತ್ತಿಲ್ವಾ?’ ಎಂದೆ ನೀನು. ನಾನು ‘ಬೇಡ’ ಎಂದು ಕೂಗಿ ಎದ್ದೆ. ನನ್ನ ಮಂಡಿ ನೆಟ್ಟಗಾಗುವಷ್ಟರಲ್ಲಿ ಹೊಗೆ ಬಂದಾಗಿತ್ತು. ಬುಧವಾರ ಸಮಿತಿಯವರು ಕೆಮಿಸ್ಟ್ರಿ ಕೇಳಿದರು, ಕೆಮಿಸ್ಟ್ರಿ ಹೇಳಿದೆ. ಇದನ್ನು ಹೇಳಲಿಲ್ಲ, ಮೊದಲು ನೀನೇ ಹೇಳಲಿ ಎಂದು ಇಟ್ಟುಕೊಂಡಿದ್ದೇನೆ. ಸೋಮವಾರ ಹತ್ತು ಗಂಟೆಗೆ ಸಮಿತಿಯವರು ಮೊದಲು ನಿನ್ನನ್ನು ಕರೆಯುತ್ತಾರೆ, ಆಮೇಲೆ ನನ್ನನ್ನು. ನೀನು ಬರದಿದ್ದರೂ ನಾನು ಎದ್ದು ನಿಲ್ಲುತ್ತೇನೆ. ಬಾ.